ಬಾಂಬ್ ಬಿದ್ದು ಹನ್ನೊಂದನೇ ದಿನಕ್ಕೆ ಓಟು

ಪ್ರಶ್ನೆ: ಸಾರ್, ಟೆರರಿಸಂ ಇರೋವರೆಗೂ ಮುಸ್ಲಿಂ ದೇಶಗಳಲ್ಲಿ ಡೆಮಾಕ್ರಸಿ ನಿಲ್ಲಲ್ಲ ಅಲ್ವಾ?

ನಿಲ್ಲುತ್ತೆ. ಇಂಡೋನೇಷ್ಯಾ ನೋಡಿ. ಇದನ್ನ ಎಷ್ಟನೇ ಸಲ ಬರೀತಿದೀನೋ ನಂಗೇ ಲೆಕ್ಕ ತಪ್ಪಿದೆ. ಎಲ್ಲಾದ್ರೂ ಒಂದು ಬ್ಲಾಸ್ಟ್ ಆದ್ರೆ ಸಾಕು ಈ ಪ್ರಶ್ನೆ ಬರುತ್ತೆ, ಬರೋವಾಗ ಜೊತೆಗೆ ಇನ್ನೊಂದು ಮಾತನ್ನೂ ಕರ್ಕೊಂಡೇ ಬರುತ್ತೆ, 'ಆ ಜನಕ್ಕೆ ಓಟು ಗೀಟು ಸರಿಹೋಗಲ್ಲ, ಲಾಠಿ ಹಿಡಿದವನೊಬ್ಬ ಬೇಕು, ಅವನಿದ್ರೆ ಉಗ್ರರು ಬಾಲ ಬಿಚ್ಚಲ್ಲ' ಅಂತ.

ಸರಿ, ಈ ಲಾಠಿ ಥಿಯರಿನ ಒಂದ್ಸಲ ಪೂರ್ತಿ ಬಿಚ್ಚಿಬಿಡೋಣ. ಇಂಡೋನೇಷ್ಯಾದ ಸುಹಾರ್ತೊ ಮಿಲಿಟರಿ ಜನರಲ್ಲು, 30 ವರ್ಷಕ್ಕೂ ಮೇಲೆ ಆಳಿದ. ಬಾಲಿಯಲ್ಲಿ ಬಾಂಬ್ ಇಟ್ಟ ಜೆಮಾ ಇಸ್ಲಾಮಿಯಾ ಅನ್ನೋ ಉಗ್ರ ಸಂಘಟನೆ ಹುಟ್ಟಿದ್ದು ಯಾವಾಗ ಗೊತ್ತಾ? 1993ರಲ್ಲಿ, ಅವನು ಕುರ್ಚಿ ಮೇಲಿದ್ದಾಗಲೇ. ಅದನ್ನ ಕಟ್ಟಿದ ಅಬ್ದುಲ್ಲಾ ಸುಂಕರ್, ಅಬೂ ಬಕರ್ ಬಾಷಿರ್ ಇಬ್ಬರನ್ನೂ 1978ರಲ್ಲೇ ಅರೆಸ್ಟ್ ಮಾಡಿಸಿದ್ದ, ಆಮೇಲೆ 1985ರಲ್ಲಿ ಇಬ್ಬರೂ ಮಲೇಷ್ಯಾಗೆ ಓಡಿಹೋದ್ರು, ಸಂಘಟನೆ ಬೆಳೆದಿದ್ದು ಅಲ್ಲಿ. ಲಾಠಿ ಬೀಸಿದ್ದಕ್ಕೆ ಹಾವು ಸಾಯಲಿಲ್ಲ, ಪಕ್ಕದ ಮನೆಗೆ ಹೋಗಿ ಮರಿ ಹಾಕ್ತು ಅಷ್ಟೇ.

ಒಪ್ಕೋಬೇಕಾದ್ದು ಒಪ್ಕೋತೀನಿ. 1998ರ ಮೇನಲ್ಲಿ ಸುಹಾರ್ತೊ ಇಳಿದ್ಮೇಲೆ ಇವರೂ ವಾಪಸ್ ಬಂದ್ರು, ಹೊಸ ಸ್ವಾತಂತ್ರ್ಯ ಎಲ್ಲರ ಹಾಗೆ ಇವರಿಗೂ ಸಿಕ್ತು, ಬಳಸ್ಕೊಂಡ್ರು. 2002ರ ಅಕ್ಟೋಬರ್ 12ಕ್ಕೆ ಬಾಲಿಯಲ್ಲಿ 202 ಜನ ಸತ್ರು. ಮುಂದಿನ ವರ್ಷ ರಾಜಧಾನಿ ಜಕಾರ್ತಾದ ಹೋಟೆಲಲ್ಲಿ ಬಾಂಬ್. 2004ರ ಸೆಪ್ಟೆಂಬರ್ 9ಕ್ಕೆ ಅಲ್ಲೇ ಆಸ್ಟ್ರೇಲಿಯಾ ಎಂಬಸಿ ಮುಂದೆ ಕಾರ್ ಬಾಂಬ್. ಅಧ್ಯಕ್ಷರ ಚುನಾವಣೆಯ ಎರಡನೇ ಸುತ್ತು ಇದ್ದಿದ್ದು ಸೆಪ್ಟೆಂಬರ್ 20ಕ್ಕೆ, ಮುಂದೂಡಿದ್ರಾ? ಇಲ್ಲ. ಆ ದೇಶದ ಜನ ನೇರವಾಗಿ ಅಧ್ಯಕ್ಷರನ್ನ ಆರಿಸ್ತಿದ್ದಿದ್ದೇ ಅದು ಮೊದಲ ಸಲ, 100ಕ್ಕೆ 75ಕ್ಕಿಂತ ಹೆಚ್ಚು ಜನ ಹೋಗಿ ಓಟು ಹಾಕಿ, ಕುರ್ಚಿಲಿದ್ದ ಮೇಗಾವತಿನ ಸೋಲಿಸಿ, ಯುಧೊಯೊನೊನ ಗೆಲ್ಸಿದ್ರು, ಆಯಮ್ಮ ಕುರ್ಚಿ ಬಿಟ್ಟು ಹೋದ್ರು.

'ಓಟು ಕೊಟ್ರೆ ಶರಿಯಾ ತರ್ತಾರೆ' ಅನ್ನೋರಿಗೆ ಇನ್ನೊಂದು. ಶರಿಯಾನ ಸಂವಿಧಾನಕ್ಕೆ ಸೇರಿಸಿ ಅಂತ ಕೆಲವು ಪಕ್ಷಗಳು ನಿಜಕ್ಕೂ ಕೇಳಿದ್ವು, ಬಿತ್ತು ಆ ಪ್ರಸ್ತಾಪ, 2002ರ ಆಗಸ್ಟಲ್ಲಿ, ಅಂದ್ರೆ ಬಾಲಿ ಬ್ಲಾಸ್ಟಿಗೆ ಎರಡು ತಿಂಗಳು ಮುಂಚೆ. ಅದನ್ನ ವಿರೋಧಿಸಿದೋರಲ್ಲಿ ನಹ್ದತುಲ್ ಉಲಮಾ, ಮುಹಮ್ಮದಿಯಾ ಮುಖಂಡರೇ ಇದ್ರು, ಎರಡೂ ಕೋಟ್ಯಂತರ ಜನ ಇರೋ ಮುಸ್ಲಿಂ ಸಂಘಟನೆಗಳು, ನೂರು ವರ್ಷದಿಂದ ಶಾಲೆ ಆಸ್ಪತ್ರೆ ಮದರಸಾ ನಡೆಸ್ಕೊಂಡು ಬಂದೋರು. ನಮ್ಮ ಟಿವಿಲಿ ಇವರ ಹೆಸರು ಕೇಳಿದೀರಾ? ಬಾಂಬ್ ಇಟ್ಟವನ ಮುಖ ಮಾತ್ರ ತೋರಿಸ್ತಾರೆ.

ಬಾಂಬ್ ಕೇಸುಗಳು ಓಪನ್ ಕೋರ್ಟಲ್ಲೇ ನಡೆದ್ವು, ಬಾಲಿ ಕೇಸಿನ ಮೂವರಿಗೆ 2008ರಲ್ಲಿ ಮರಣದಂಡನೆ ಜಾರಿ ಆಯ್ತು, 2024ರಲ್ಲಿ ಜೆಮಾ ಇಸ್ಲಾಮಿಯಾ ನಾಯಕರೇ ಸಂಘಟನೆ ವಿಸರ್ಜಿಸಿದೀವಿ ಅಂದ್ರು. ಹಾಗಂತ ಅಲ್ಲಿ ರಾಮರಾಜ್ಯ ಇದೆ ಅಂತಿಲ್ಲ, ಜಕಾರ್ತಾ ಗವರ್ನರ್ ಆಗಿದ್ದ ಕ್ರಿಶ್ಚಿಯನ್ ಅಹೊಕ್‌ನ 2017ರಲ್ಲಿ ಧರ್ಮನಿಂದನೆ ಕೇಸಲ್ಲಿ ಜೈಲಿಗೆ ಹಾಕಿದ್ದೂ ಅದೇ ದೇಶ.

ನೀವು ಕೇಳದೇ ಇದ್ರೂ ಹೇಳಿಬಿಡ್ತೀನಿ, ಡೆಮಾಕ್ರಸಿ ಬಿದ್ದುಹೋದ ಕಡೆ ಬೀಳಿಸಿದ್ದು ಯಾರು? ಉತ್ತರ ಆಫ್ರಿಕಾದ ಮುಸ್ಲಿಂ ದೇಶ ಟ್ಯುನಿಷಿಯಾ ತಗೊಳ್ಳಿ. 2015 ಒಂದೇ ವರ್ಷ ಬಾರ್ಡೊ ಮ್ಯೂಸಿಯಂ, ಸೂಸ್ ಬೀಚ್, ಅಧ್ಯಕ್ಷರ ಗಾರ್ಡುಗಳ ಬಸ್, ಮೂರು ದಾಳಿ. ತಡ್ಕೊಳ್ತು. 2019ರಲ್ಲಿ ಮತ್ತೆ ಚುನಾವಣೆನೂ ಆಯ್ತು, ಕೈಸ್ ಸಯೀದ್ ದೊಡ್ಡ ಅಂತರದಲ್ಲಿ ಗೆದ್ದ, ಕಾಲೇಜಲ್ಲಿ ಸಂವಿಧಾನ ಪಾಠ ಮಾಡ್ತಿದ್ದ ಮೇಷ್ಟ್ರು! ಆ ಮೇಷ್ಟ್ರೇ 2021ರ ಜುಲೈ 25ಕ್ಕೆ ಪ್ರಧಾನಿನ ಕಿತ್ತುಹಾಕಿ ಸಂಸತ್ತಿಗೆ ಬೀಗ ಹಾಕ್ದ, ಬೀದಿಲಿ ಜನ ಕುಣಿದ್ರು, ಯಾಕಂದ್ರೆ ಹತ್ತು ವರ್ಷ ಕೆಲಸ ಇಲ್ಲ, ಬೆಲೆ ಏರಿಕೆ, ಪಕ್ಷಗಳ ಕಚ್ಚಾಟ, ಮೇಲೆ ಕೋವಿಡ್. ಮುಂದಿನ ವರ್ಷ ತನಗೆ ಬೇಕಾದ ಹಾಗೆ ಹೊಸ ಸಂವಿಧಾನ ಬರ್ಕೊಂಡ. ಆ ಡಿಸೆಂಬರಲ್ಲಿ ಸಂಸತ್ ಚುನಾವಣೆ ಇಟ್ಟಾಗ ಓಟು ಹಾಕೋಕೆ ಬಂದಿದ್ದು 100ಕ್ಕೆ ಸುಮಾರು 11 ಜನ.