ರೂಪಾಯಿ ವ್ಯಾಪಾರ: ಮುಯ್ಯಾಳಿನ ಲೆಕ್ಕ

ಸರ್ಕಾರದ ಯೋಜನೆಯಂತೆ ನಡೆಯುವ ದೇಶದ ಜೊತೆ ನಮ್ಮಂಥ ದೇಶ ವ್ಯಾಪಾರ ಮಾಡಿದರೆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ಪರೀಕ್ಷೆಗೆ ಓದುವವರಿಗೆ ತೊಡಕಿನ ಪ್ರಶ್ನೆ. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಆವಕ ತಗ್ಗಿದರೆ ದರ ಏರುತ್ತದೆ. ಆ ದರ ಕೇಳಿ ಜಿನ್ನಿಂಗ್ ಮಿಲ್ಲಿನವರು ಖರೀದಿ ಬಿಗಿ ಹಿಡಿಯುತ್ತಾರೆ, ಮನೆಯಲ್ಲಿ ಹತ್ತಿ ಇಟ್ಟುಕೊಂಡ ರೈತರು ಗಾಡಿ ಹೂಡುತ್ತಾರೆ. ಏನು, ಎಷ್ಟು, ಯಾರಿಗೆ ಎಂದು ಸರ್ಕಾರವೇ ನಿರ್ಧರಿಸುವ ಕೇಂದ್ರ ಯೋಜಿತ ಅರ್ಥವ್ಯವಸ್ಥೆಯಲ್ಲಿ ದರಕ್ಕೆ ಈ ಕೆಲಸವಿಲ್ಲ. ಯಾವ ಗಿರಣಿಗೆ ಎಷ್ಟು ಟನ್ ಎಂದು ಯೋಜನೆಯೇ ಮೊದಲು ಬರೆದಿಟ್ಟಿರುತ್ತದೆ. ದರ ಬರೀ ಲೆಕ್ಕದ ಅಂಕಿ.

ಹಾಗಾಗಿ ಆಮದು ಸುಂಕಕ್ಕೂ ಅಲ್ಲಿ ಅರ್ಥ ಉಳಿಯುವುದಿಲ್ಲ. ಸೋವಿಯತ್ ರಷ್ಯಾ 1918ರಲ್ಲೇ ವಿದೇಶಿ ವ್ಯಾಪಾರವನ್ನು ಸರ್ಕಾರದ ಏಕಸ್ವಾಮ್ಯ ಮಾಡಿತ್ತು. ಕೊಳ್ಳುವುದೂ ಸರ್ಕಾರ, ಸುಂಕ ಹಾಕುವುದೂ ಸರ್ಕಾರ ಎಂದಮೇಲೆ ಸುಂಕ ಇಳಿಸಿದರೂ ಆಮದು ಹೆಚ್ಚಬೇಕೆಂದಿಲ್ಲ. ಅದಕ್ಕೇ 1967ರಲ್ಲಿ ಗ್ಯಾಟ್ (ದೇಶಗಳು ಪರಸ್ಪರ ಸುಂಕ ಇಳಿಸಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದ) ಸೇರಿದ ಪೋಲೆಂಡ್, ಸುಂಕ ಕಡಿತದ ಬದಲು ಸದಸ್ಯ ದೇಶಗಳಿಂದ ಆಮದನ್ನು ವರ್ಷಕ್ಕೆ ಶೇ. 7ರಷ್ಟು ಹೆಚ್ಚಿಸುವುದಾಗಿ ಒಪ್ಪಿಕೊಂಡಿತು. ಪರೀಕ್ಷೆಯಲ್ಲಿ ಈ ಒಂದು ಉದಾಹರಣೆ ಬರೆದರೂ ವಿಷಯ ಹಿಡಿದಿದ್ದೀರಿ ಎಂದು ಗೊತ್ತಾಗುತ್ತದೆ.

ಹೆಚ್ಚಿನವರು ಎಡವುವುದು ಪಾವತಿಯಲ್ಲಿ. ಬಳ್ಳಾರಿ ಜಿಲ್ಲೆಯ ದೋಣಿಮಲೆಯ ಅದಿರು ಜಪಾನಿಗೆ ಹೋದರೆ ಬರುವುದು ಡಾಲರ್. ಅದರಿಂದ ಯಾವ ದೇಶದ ಸರಕನ್ನಾದರೂ ಕೊಳ್ಳಬಹುದು. 1958ರ ಒಪ್ಪಂದದ ನಂತರ ಸೋವಿಯತ್ ಜೊತೆಗಿನ ವಹಿವಾಟು ನಡೆದದ್ದು ಬೇರೆ ನಾಣ್ಯಕ್ಕೆ ಬದಲಾಗದ ರೂಪಾಯಿಯಲ್ಲಿ. ಇದನ್ನು ವಸ್ತು ವಿನಿಮಯ ಎಂದು ಬರೆಯಬೇಡಿ. ನಮ್ಮ ಕಡೆಯ ಮುಯ್ಯಾಳು ಇದಕ್ಕೆ ಹತ್ತಿರ. ನಿಮ್ಮ ಹೊಲದ ಕಳೆಗೆ ಪಕ್ಕದವರು ಐದು ಆಳು ಬಂದರೆ, ಅವರ ಹೊಲಕ್ಕೆ ನೀವು ಐದು ಆಳು ತೀರಿಸಬೇಕು. ಆ ಬಾಕಿ ತೋರಿಸಿ ಕಿರಾಣಿ ಅಂಗಡಿಯಲ್ಲಿ ಎಣ್ಣೆ ತರಲಾಗದು.

ಲೆಕ್ಕ ಹೀಗೆ ನಡೆಯುತ್ತದೆ (ಅಂಕಿ ನಾನು ಇಟ್ಟುಕೊಂಡದ್ದು). ಎರಡೂ ಸರ್ಕಾರಗಳು ವರ್ಷಕ್ಕೆ ಯಾವ ಸರಕು ಎಷ್ಟೆಂದು ಪಟ್ಟಿ ಮಾಡುತ್ತವೆ. ನಾವು ಚಹಾ, ಗೋಡಂಬಿ, ಮೆಣಸು ಸೇರಿ 100 ಕೋಟಿಯದು ಕಳಿಸಿದೆವು, ಅಲ್ಲಿಂದ ಖನಿಜ ಎಣ್ಣೆ, ಯಂತ್ರ 80 ಕೋಟಿಯದು ಬಂತು. ನಮ್ಮ ರಫ್ತುದಾರ ಕಾಯುವುದಿಲ್ಲ. ಹಡಗಿಗೆ ಮಾಲು ತುಂಬಿದ ದಾಖಲೆ ಕೊಟ್ಟು ಬ್ಯಾಂಕಿನಿಂದ ರೂಪಾಯಿ ಪಡೆಯುತ್ತಾನೆ. ಆ 100 ಕೋಟಿ ಪೂರ್ತಿ ಊರೊಳಗೆ ಬಂತು, ಎದುರಿಗೆ ಸರಕು ಬಂದದ್ದು 80 ಕೋಟಿಯದು. ಉಳಿದ 20 ಕೋಟಿ ಎದುರಿನವರಿಗೆ ನಾವು ಕೊಟ್ಟ ಸಾಲ. ಇದಕ್ಕೆ ತಾಂತ್ರಿಕ ಸಾಲ ಎನ್ನುತ್ತಾರೆ. ರಫ್ತು ಹೆಚ್ಚಿತೆಂದು ಖುಷಿಪಡುವ ಮುನ್ನ ಇದನ್ನು ನೋಡಬೇಕು: ಆ ಹಣ ಬೆಲೆಗಳನ್ನು ಮೇಲಕ್ಕೆ ಒತ್ತುತ್ತದೆ, ಬಾಕಿ ಮಾತ್ರ ಡಾಲರ್ ಆಗುವುದಿಲ್ಲ.

ಮಾಸ್ಕೋಗೆ ಹೋಗಿ ಬಾಕಿಗೆ ಏನಾದರೂ ಕೊಂಡು ತರಬಹುದಲ್ಲ? ಆಗದು. ಅಲ್ಲಿನ ಟ್ರ್ಯಾಕ್ಟರ್ ಆಗಲೇ ಯೋಜನೆಯಲ್ಲಿ ಇನ್ಯಾರಿಗೋ ಬರೆದಿರುತ್ತದೆ. ನಾಣ್ಯವಷ್ಟೇ ಅಲ್ಲ, ಸರಕೂ ಬಿಡುಗಡೆಯಾಗದಿರುವುದು ನಿಜವಾದ ಗಂಟು. ಪಶ್ಚಿಮ ಜರ್ಮನಿ ಈ ಗಂಟನ್ನು ಬಿಡಿಸಿದ ರೀತಿ ನನಗೆ ಬಹಳ ಇಷ್ಟ. 1970ರ ಒಪ್ಪಂದದಲ್ಲಿ ಸೋವಿಯತ್‌ಗೆ ಸಾಲದ ಮೇಲೆ ಅನಿಲ ಸಾಗಿಸುವ ದೊಡ್ಡ ಕೊಳವೆಗಳನ್ನು ಕಳಿಸಿತು. 1973ರಿಂದ ಅಲ್ಲಿಂದ ಬಂದ ಅನಿಲದಿಂದ ಸಾಲ ತೀರಿತು. ತೀರಿಸುವ ಸರಕನ್ನು ಮೊದಲೇ ಹೆಸರಿಟ್ಟು ಬರೆಸಿಕೊಂಡದ್ದೇ ಉಪಾಯ.

ಈಗಿನ ರಷ್ಯಾ ಯೋಜಿತ ಅರ್ಥವ್ಯವಸ್ಥೆಯಲ್ಲ, ಆದರೂ ಗಂಟು ಮರಳಿತು. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿ ಪಾವತಿಗೆ ವಿಶೇಷ ವೋಸ್ಟ್ರೋ ಖಾತೆಗಳ (ವಿದೇಶಿ ಬ್ಯಾಂಕುಗಳು ಭಾರತದ ಬ್ಯಾಂಕಿನಲ್ಲಿ ಇಡುವ ರೂಪಾಯಿ ಖಾತೆ) ದಾರಿ ತೆರೆಯಿತು. 2023ರ ಮೇ ತಿಂಗಳಲ್ಲಿ ರಷ್ಯಾದ ವಿದೇಶಾಂಗ ಸಚಿವರು ಗೋವಾದಲ್ಲಿ, ಭಾರತದ ಬ್ಯಾಂಕುಗಳಲ್ಲಿ ತಮ್ಮ ನೂರಾರು ಕೋಟಿ ರೂಪಾಯಿ ಕೂತಿದೆ, ಬಳಸಲಾಗುತ್ತಿಲ್ಲ ಎಂದರು. ಈ ಸಲ ಮುಯ್ಯಾಳು ತೀರಿಸುವ ಬಾಕಿ ಉಳಿದದ್ದು ನಮ್ಮ ಕಡೆ.