4,000 ಮಿ.ಮೀ. ಮಳೆ ಸುರಿಯುವ ಕರಾವಳಿಗೂ ಬರ ಬರುತ್ತದಾ?

ಪ್ರಶ್ನೆ: ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂಗಳಕ್ಕೆ ಇಳಿಯಲಿಕ್ಕಾಗದಷ್ಟು ಮಳೆ. ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ, ತೋಟಕ್ಕೆ ಬಿಡಲು ನೀರಿಲ್ಲ. ಆದರೂ ಬರದ ಪಟ್ಟಿಯಲ್ಲಿ ನಮ್ಮ ತಾಲೂಕಿನ ಹೆಸರು ಕಾಣುವುದೇ ಅಪರೂಪ. ಯಾಕೆ?

ಉತ್ತರ: ಸರಕಾರ ಮುಖ್ಯವಾಗಿ ಅಳೆಯುವುದು ಮಳೆಗಾಲದ ಬರವನ್ನು. ನಮಗೆ ತಟ್ಟುವುದು ಬೇಸಿಗೆಯ ಬರ. ತೊಂದರೆ ಇರುವುದು ಇಲ್ಲೇ.

ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ ಮೊದಲು ನೋಡುವುದು ಮಳೆ. ಅದೂ ಆ ಊರಿನ ವಾಡಿಕೆ ಮಳೆಗೆ ಹೋಲಿಸಿ. ಸಾಲಾಗಿ ಮೂರು ವಾರ ಮಳೆ ಕೈಕೊಟ್ಟಿದೆಯಾ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆಮೇಲೆ ಬಿತ್ತನೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು, ಅಂತರ್ಜಲ. ಕೊನೆಗೆ ಆಯ್ದ ಹಳ್ಳಿಗಳಲ್ಲಿ ಗದ್ದೆಗಿಳಿದು ಪರಿಶೀಲನೆ. ಮುಂಗಾರಿನ ಬರ ಘೋಷಣೆಗೆ ಅಕ್ಟೋಬರ್ 30, ಹಿಂಗಾರಿಗೆ ಮಾರ್ಚ್ 31 ಗಡುವು. ನಮ್ಮ ಬಾವಿಗಳು ಒಣಗುವುದು ಅದೆಲ್ಲ ಮುಗಿದ ಮೇಲೆ!

ಹಾಗಂತ ಕರಾವಳಿ ಯಾವತ್ತೂ ಪಟ್ಟಿಗೆ ಬರುವುದಿಲ್ಲ ಅಂತಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದಾಗ ಇಲ್ಲಿನ ಕೆಲವು ತಾಲೂಕುಗಳೂ ಸೇರಿದ್ದವು. ಆದರೆ ಒಟ್ಟು ಮಳೆಯನ್ನು ನಂಬಿ ಕೂತರೆ ಮೋಸ ಹೋಗುತ್ತೇವೆ. 2018ರ ಆಗಸ್ಟ್ ನೆನಪಿದೆಯಲ್ವಾ? ಗುಡ್ಡ ಕುಸಿದು ಶಿರಾಡಿ ಘಾಟಿಯೇ ಬಂದ್ ಆಗಿತ್ತು. ಸೆಪ್ಟೆಂಬರಿನಲ್ಲಿ ಮಳೆ ಸುಮ್ಮನೆ ನಿಂತುಬಿಟ್ಟಿತು. ಮರು ಬೇಸಿಗೆಗೆ ಮಂಗಳೂರಿನಲ್ಲೂ ಉಡುಪಿಯಲ್ಲೂ ನಲ್ಲಿ ನೀರಿಗೆ ರೇಷನಿಂಗ್.

ಇದಕ್ಕೆ ಕಾರಣ ನಮ್ಮ ನೆಲ. ಮುರಕಲ್ಲು, ಅಂದರೆ ಇಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು, ತೂತು ತೂತಾಗಿರುತ್ತದೆ. ಇಂಗಿದ ನೀರು ಅದರಲ್ಲಿ ಬೇಸಿಗೆ ತನಕ ನಿಲ್ಲುವುದಿಲ್ಲ, ತಗ್ಗಿಗೆ ಜಾರಿಹೋಗುತ್ತದೆ. ನದಿಗಳೂ ಗಿಡ್ಡ. ಘಟ್ಟದಲ್ಲಿ ಬಿದ್ದ ಮಳೆ ನೋಡನೋಡುತ್ತಲೇ ಕಡಲು ಸೇರುತ್ತದೆ. ವರ್ಷದ ಮಳೆಯಲ್ಲಿ ಶೇ. 80ಕ್ಕಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಹಾಗಾಗಿ ಬಾವಿಗೆ ಜುಲೈನ ಅಬ್ಬರಕ್ಕಿಂತ ಅಕ್ಟೋಬರ್‌ನ ನಾಲ್ಕು ಮಳೆ ಮುಖ್ಯ ಅನ್ನುವುದು ನನ್ನ ಅನಿಸಿಕೆ.

ಹಾಗಾದರೆ ನಾವು ಏನನ್ನು ಗಮನಿಸಬೇಕು? ಪೇಟೆಯವರಿಗೆ ತುಂಬೆ ಮತ್ತು ಬಜೆ ಅಣೆಕಟ್ಟು. ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆಯಲ್ಲಿ ಸಾಮಾನ್ಯವಾಗಿ 6 ಮೀಟರ್ ತನಕ ನೀರು ನಿಲ್ಲಿಸುತ್ತಾರೆ. ಆ ಮಟ್ಟಕ್ಕಿಂತಲೂ ಒಳಹರಿವು ಯಾವತ್ತು ನಿಂತಿತು ಅನ್ನುವುದನ್ನು ನೋಡಿ. ಫೆಬ್ರವರಿಯಲ್ಲೇ ನಿಂತರೆ ಮೇ ತಿಂಗಳು ಕಷ್ಟ. ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆಗೂ ಇದೇ ಮಾತು.

ಕೃಷಿಕರಿಗೆ ಸೂಚನೆ ಗದ್ದೆಯಲ್ಲೇ ಸಿಗುತ್ತದೆ. ಏಣೆಲು ಬೆಳೆಗೆ (ಮಳೆಗಾಲದ ಭತ್ತ) ಮಳೆ ಕೈಕೊಟ್ಟರೆ ಮೊದಲು ಬಿರುಕು ಬಿಡುವುದು ಎತ್ತರದ ಬೆಟ್ಟು ಗದ್ದೆ, ಆಮೇಲೆ ನಡುವಿನ ಮಜಲು, ಕೊನೆಗೆ ತಗ್ಗಿನ ಬೈಲು. ತೋಡಿನ (ಸಣ್ಣ ಹಳ್ಳದ) ಹರಿವು ಬೇಗ ಸೊರಗಿದರೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ಮುಂದೂಡಬೇಡಿ. ಹರಿವು ನಿಂತ ಮೇಲೆ ಹಾಕಿದ ಹಲಗೆ ಏನನ್ನು ಹಿಡಿಯುತ್ತದೆ? ಅಂಥ ವರ್ಷ ಕೊಳಕೆಯ, ಅಂದರೆ ಬೇಸಿಗೆಯ ಮೂರನೇ ಬೆಳೆಯ, ಆಸೆಯನ್ನೂ ಬಿಡುವುದು ವಾಸಿ.

ಬಾವಿಗೆ ಹಗ್ಗವೇ ಸಾಕು. ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಇಳಿಸಿ. ಬೆಳಿಗ್ಗೆ ಪಂಪು ಹಾಕುವ ಮುಂಚೆ ಅಳೆದು ಕ್ಯಾಲೆಂಡರಿನಲ್ಲೇ ಬರೆಯಿರಿ. ಎರಡು ಮೂರು ವರ್ಷದ ಲೆಕ್ಕ ಕೈಯಲ್ಲಿದ್ದರೆ ಜನವರಿಯಲ್ಲೇ ಏಪ್ರಿಲ್‌ನ ಅಂದಾಜು ಸಿಗುತ್ತದೆ. ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಹತ್ತಿರದವರು ನೀರಿನ ರುಚಿಯನ್ನೂ ನೋಡಿ. ಹೊಳೆಯಲ್ಲಿ ಸಿಹಿನೀರು ಕಡಿಮೆಯಾದಾಗ ಉಪ್ಪುನೀರು ಬಾವಿಯ ತನಕ ಬರುತ್ತದೆ.

ಅಡಿಕೆಯದ್ದು ಬೇರೆ ಕಥೆ. ಬೇಸಿಗೆಯಲ್ಲಿ ನೀರು ತಪ್ಪಿದರೆ ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುತ್ತದೆ, ನಳ್ಳಿ (ಎಳೆಕಾಯಿ) ಉದುರುತ್ತದೆ. ಪೆಟ್ಟು ಗೊತ್ತಾಗುವುದು ಮುಂದಿನ ಕೊಯ್ಲಿನಲ್ಲಿ. ಅಷ್ಟು ಹೊತ್ತಿಗೆ ಬರದ ಸುದ್ದಿ ಎಲ್ಲರಿಗೂ ಮರೆತಿರುತ್ತದೆ. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಅದರ ಪರಿಹಾರ ನಿಂತಿರುವುದು ಹವಾಮಾನದ ದಾಖಲೆಯ ಮೇಲೆ, ತೋಟದ ನಷ್ಟದ ಮೇಲಲ್ಲ. ನಿಮ್ಮ ಪಂಚಾಯತಿನ ಮಳೆಮಾಪಕ ಸರಿಯಾಗಿ ಓಡುತ್ತಿದೆಯಾ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.