ಬಿಸಿಲೂರಿನ ರಸ್ತೆ ಮರಗಳು: ನೆರಳು ಎಲ್ಲಿ ತಪ್ಪಿತು?

ಬೇಸಿಗೆ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿಯಿತು. ಬಿಸಿಲು 40 ಡಿಗ್ರಿ ದಾಟುವ ಊರಿಗೆ ಇದು ಸರಿಯಾದ ಏರ್ಪಾಡೇ. ಆದರೆ ತಳ್ಳುಗಾಡಿಯವರಿಗೆ, ಹಮಾಲರಿಗೆ, ಬಸ್ಸಿಗೆ ಕಾಯುವವರಿಗೆ ಇಂಥ ಆದೇಶ ಇಲ್ಲ. ಅವರಿಗೆ ಮರದ ನೆರಳೇ ಗತಿ. ಜೂನ್‌ನಲ್ಲಿ ಸಾವಿರಾರು ಸಸಿ ನೆಟ್ಟ ಸುದ್ದಿ ಓದುತ್ತೇವೆ, ಏಪ್ರಿಲ್‌ನಲ್ಲಿ ನಿಲ್ಲಲು ನೆರಳು ಹುಡುಕುತ್ತೇವೆ. ಇದು ಹೀಗೇಕಾಯಿತು?

ಮಸ್ಕಿ, ಕೊಪ್ಪಳದಲ್ಲಿ ಅಶೋಕನ ಶಾಸನಗಳಿವೆ. ಹಾಗಾಗಿ ರಸ್ತೆ ಬದಿ ಆಲದ ಮರ ನೆಡಿಸಿದ ಕಥೆಯನ್ನೂ ಭಾಷಣಗಳಲ್ಲಿ ಎಳೆದು ತರುತ್ತಾರೆ. ಆ ಮಾತಿರುವುದು ಬೇರೆ ಕಡೆಯ ಶಾಸನದಲ್ಲಿ, ನಮ್ಮ ಬಂಡೆಗಳ ಮೇಲಲ್ಲ. ಇರಲಿ. ಹಳೆಯ ಸಾಲುಮರಗಳಲ್ಲಿ ಹುಣಸೆಗೆ ಬೆಲೆ ಬಂದದ್ದು ಹಣ್ಣಿನಿಂದ. 1877ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಹೊರದೇಶದ ಜಾಲಿಯೊಂದು ಬಂತು, ಒಣನೆಲವೂ ಹಸಿರಾಗಲಿ, ಸೌದೆಯೂ ಸಿಗಲಿ ಎಂದು. ಈಗ ಅದೇ ಬಳ್ಳಾರಿ ಜಾಲಿ, ಕೆರೆಯಂಗಳ ತುಂಬಿ ನಿಂತಿದೆ. 1950ರಲ್ಲಿ ವನಮಹೋತ್ಸವ ಶುರುವಾಯಿತು. 1980ರ ದಶಕದಲ್ಲಿ ಬೇಗ ಬೆಳೆಯುತ್ತದೆ ಎಂದು ನೀಲಗಿರಿ ನೆಟ್ಟರು. ಹಣ್ಣು, ಸೌದೆ, ಗಳ... ನೆರಳಿಗೆಂದೇ ನೆಟ್ಟದ್ದು ಕಡಿಮೆ. ಅದು ಪುಕ್ಕಟೆ ಸಿಗುತ್ತಿತ್ತು, ಅಷ್ಟೇ.

ಆ ಪುಕ್ಕಟೆ ನೆರಳೂ ಹೋದದ್ದು ಕಳೆದ ಎರಡು ಮೂರು ದಶಕಗಳಲ್ಲಿ. ಸಂಡೂರಿನ ಅದಿರಿಗೆ ಬೆಲೆ ಬಂದ ಕಾಲದಲ್ಲಿ ಲಾರಿಗಳು ಸಾಲುಗಟ್ಟಿದವು. ರಸ್ತೆ ಬದಿಯ ಎಲೆಗಳ ಮೇಲೆ ಕೆಂಪು ಧೂಳು ಕೂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಧೂಳು ಇಳಿಯಿತು. ಆದರೆ ರಸ್ತೆ ಅಗಲ ಮಾಡುವ ಕೆಲಸ ನಿಲ್ಲಲಿಲ್ಲ. ಅಗಲವಾಗಲೇಬೇಕಿತ್ತು, ವಾಹನ ಅಷ್ಟು ಜಾಸ್ತಿಯಾಗಿದ್ದವು. ಎರಡೂ ಬದಿಯ ಬೇವು, ಹುಣಸೆ ಹೋದವು. ಉಳಿದವುಗಳ ಬುಡಕ್ಕೆ ಕಾಂಕ್ರೀಟ್ ಬಂತು, ಮಳೆನೀರು ಇಳಿಯಲು ಜಾಗ ಇಲ್ಲ. ಮೇಲೆ ಕರೆಂಟ್ ತಂತಿ, ಹಾಗಾಗಿ ವರ್ಷವರ್ಷ ಕೊಂಬೆ ಸವರುತ್ತಾರೆ. ಹೊಸ ಗಿಡಗಳಿಗೆ ಸಿಕ್ಕಿದ್ದು ಡಿವೈಡರ್. ಅಲ್ಲಿ ಅಲಂಕಾರದ ತಾಳೆ, ಕತ್ತರಿಸಿ ದುಂಡಗೆ ಮಾಡಿದ ಪೊದೆ. ನೋಡಲು ಚಂದ. ಆದರೆ ಡಿವೈಡರ್ ಮೇಲೆ ಯಾರೂ ನಡೆಯುವುದಿಲ್ಲ, ಅಲ್ವಾ?

ಮರ ಕಡಿಯಲು ಅನುಮತಿ ಬೇಕೆಂದು 1976ರ ರಾಜ್ಯ ಕಾನೂನು ಹೇಳುತ್ತದೆ. ಬದಲಿಗೆ ಸಸಿ ನೆಡಿಸುವ ದಾರಿಯೂ ಅದರಲ್ಲಿದೆ. ಲೆಕ್ಕ ಸರಿಹೋಗುತ್ತದೆ. ನಲವತ್ತು ವರ್ಷದ ಬೇವಿನ ಜಾಗಕ್ಕೆ ಮೊಣಕಾಲೆತ್ತರದ ಸಸಿ ಬಂದರೂ ಲೆಕ್ಕ ಸರಿಯೇ.

ಮರ ತಂಪು ಕೊಡುವುದು ಎರಡು ರೀತಿ. ಒಂದು ನೆರಳು: ಮರದಡಿಯ ನೆಲ, ಬಿಸಿಲಲ್ಲಿರುವ ನೆಲಕ್ಕಿಂತ 11ರಿಂದ 25 ಡಿಗ್ರಿ ತಣ್ಣಗಿರಬಹುದು. ಎರಡು, ಎಲೆಗಳಿಂದ ಆವಿಯಾಗುವ ನೀರು. ಬೇರಿಗೆ ನೀರು ಸಿಗದಿದ್ದರೆ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತವೆ, ಆವಿಯೂ ನಿಲ್ಲುತ್ತದೆ. ಹಾಗಾಗಿ ನಮ್ಮ ಮೇ ತಿಂಗಳಲ್ಲಿ ನೆರಳಿನದೇ ದೊಡ್ಡ ಪಾಲು. ಬೇವು, ಹೊಂಗೆ ಬಿಸಿಲೇರುವ ಹೊತ್ತಿಗೆ ಹೊಸ ಎಲೆ ತುಂಬಿಕೊಂಡಿರುತ್ತವೆ. ಗುಲ್‌ಮೊಹರ್ ಆಗ ಕೆಂಪು ಹೂ ಕೊಡುತ್ತದೆ, ನೆರಳು ಆಮೇಲೆ.

ಸಸಿಗಳು ಒಣಗಲು ಇನ್ನೊಂದು ಕಾರಣ ಕ್ಯಾಲೆಂಡರ್. ವನಮಹೋತ್ಸವ ಜುಲೈ ಮೊದಲ ವಾರ. ಈ ಸೀಮೆಗೆ ಜಾಸ್ತಿ ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ನಡುವೆ ಮಳೆ ಕೈಕೊಟ್ಟರೆ ಸಸಿಗೆ ದಿಕ್ಕಿಲ್ಲ. ಬದುಕಿದ್ದಕ್ಕೂ ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಎಳೆಬೇರು ಹರಿಯುತ್ತದೆ. ಕನಿಷ್ಠ ಎರಡು ಮೂರು ಬೇಸಿಗೆ ಯಾರಾದರೂ ನೀರು ಹಾಕಬೇಕು. ಕುಡಿಯುವ ನೀರಿಗೇ ಕೊಡ ಹಿಡಿದು ಟ್ಯಾಂಕರ್ ಕಾಯುವ ಓಣಿಯಲ್ಲಿ ಗಿಡಕ್ಕೆ ನೀರು ಕೇಳುವುದು ಕಷ್ಟ. ಶುದ್ಧ ಮಾಡಿದ ಕೊಳಚೆ ನೀರು ಒಂದು ದಾರಿ. ಅದನ್ನು ರಸ್ತೆವರೆಗೆ ತರುವ ಖರ್ಚು ಯಾವ ಬಜೆಟ್‌ನಲ್ಲಿ ಬರಬೇಕು ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಸಸಿ ಖರೀದಿಗೆ ಮಾತ್ರ ದುಡ್ಡು ಸಿಗುತ್ತದೆ.